ನಮ್ಮ ಗೆಳೆಯನಿಗೆ ಎಚ್‌ಐವಿ ಇದೆ, ಯಾರು ಅಂತ ಕೇಳಬೇಡಿ

ನಮ್ಮ ಜೊತೆ ಓದಿದ ಒಬ್ಬ ಗೆಳೆಯನಿಗೆ ಎಚ್‌ಐವಿ ಇದೆ. ಹುಟ್ಟಿದಾಗಿನಿಂದಲೂ ಇದೆ. ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ನಾವು ಐದು ಜನ ಭದ್ರಾವತಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಒಂದು ಬಕೆಟ್, ಒಂದು ಕುಕ್ಕರ್, ಮೂರು ಚಾಪೆ. ದಿನಾ ಬೆಳಿಗ್ಗೆ ಬಿ.ಎಚ್. ರಸ್ತೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗುವುದು, ಸಂಜೆ ವಾಪಸ್ ಬರುವುದು.

ಅವನ ಹೆಸರು, ಊರು, ಜಾತಿ, ಓದಿದ ಕಾಲೇಜು ಯಾವುದನ್ನೂ ಇಲ್ಲಿ ಬರೆದಿಲ್ಲ. ಕೆಲವು ಸಣ್ಣ ವಿವರಗಳನ್ನು ಬೇಕೆಂದೇ ಬದಲಿಸಿದ್ದೇವೆ. ಬರೆದದ್ದನ್ನು ಅವನಿಗೆ ಓದಿ ಹೇಳಿ, ಬೇಡ ಅಂದದ್ದನ್ನು ತೆಗೆದು, ಅವನು ಸರಿ ಅಂದ ಮೇಲೆಯೇ ಹಾಕುತ್ತಿದ್ದೇವೆ. ಆದರೂ ನಮ್ಮನ್ನು ಬಲ್ಲವರು 'ಆ ಐದು ಜನರಲ್ಲಿ ಯಾರಪ್ಪಾ ಅದು' ಎಂದು ಲೆಕ್ಕ ಹಾಕಲು ಕೂರುತ್ತಾರೆ ಅಂತ ಗೊತ್ತು. ಅಂಥವರಿಗೆ ಒಂದು ಮಾತು: ಐದು ಅನ್ನೋದೂ ಸರಿಯಾದ ಲೆಕ್ಕ ಅಲ್ಲ.

ಅವನು ಮೊದಲು ಹೇಳಿದ್ದು ನಮ್ಮಲ್ಲಿ ಇಬ್ಬರಿಗೆ. ಎರಡನೇ ವರ್ಷದಲ್ಲಿ, ರಾತ್ರಿ ಬಸ್ಸಿನಲ್ಲಿ ಭದ್ರಾವತಿಗೆ ಬರುವಾಗ. ಮಾಚೇನಹಳ್ಳಿ ದಾಟುವ ಹೊತ್ತಿಗೆ, ಕಿಟಕಿ ಕಡೆ ಮುಖ ಮಾಡಿಕೊಂಡೇ, 'ನಾನು ರಾತ್ರಿ ತಗೊಳ್ಳೋದು ವಿಟಮಿನ್ ಮಾತ್ರೆ ಅಲ್ಲ ಕಣ್ರೋ' ಅಂದ. ಆಮೇಲೆ ವಿಷಯ ಹೇಳಿದ. ಇಬ್ಬರಿಗೂ ಏನು ಮಾತಾಡಬೇಕೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ, 'ಈಗ ಹುಷಾರಾಗಿದೀಯಲ್ಲ?' ಎಂದು ಕೇಳಿದ. 'ಆರಾಮಿದೀನಿ' ಅಂದ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿದು ಮನೆಗೆ ಹೋದೆವು.

ತುಂಬಾ ದಿನದ ಮೇಲೆ ಅವನು ಹೇಳಿದ ಮಾತು ಇದು. ವಿಷಯ ತಿಳಿದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು 'ಹೇಗಿದೀಯ' ಅಂತ ಅಲ್ಲ, 'ಹೇಗೆ ಬಂತು' ಅಂತ. ಸಕ್ಕರೆ ಕಾಯಿಲೆ ಬಂದವರನ್ನು ಹಾಗೆ ಯಾರೂ ಕೇಳುವುದಿಲ್ಲ. 'ಹೇಗೆ ಬಂತು' ಅನ್ನುವ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆ: ನೀನು ಮರುಕಕ್ಕೆ ಯೋಗ್ಯನಾ, ಅಥವಾ ಬೈಗುಳಕ್ಕಾ? ಹುಟ್ಟಿನಿಂದ ಬಂತು ಅಂದರೆ 'ಅಯ್ಯೋ ಪಾಪ'. ಬೇರೆ ದಾರಿಯಲ್ಲಿ ಬಂತು ಅಂದರೆ 'ಮಾಡಿದ್ದುಣ್ಣೋ ಮಹಾರಾಯ'. ನಮ್ಮ ಗೆಳೆಯನಿಗೆ ಹುಟ್ಟಿನಿಂದ ಬಂದದ್ದು ಎಂದು ನಾವು ಮೊದಲ ಸಾಲಿನಲ್ಲೇ ಬರೆದದ್ದನ್ನು ನೀವು ಗಮನಿಸಿರಬಹುದು. ಅದನ್ನು ಬರೆಯಬೇಕಾ ಬೇಡವಾ ಎಂದು ನಮ್ಮ ನಡುವೆ ಜಗಳವೇ ಆಯಿತು. ಅವನೇ ಬರೀರಿ ಅಂದ, ಅದಕ್ಕೆ ಬರೆದೆವು. ಆದರೆ ಬೇರೆ ಯಾವುದೇ ರೀತಿಯಲ್ಲಿ ಬಂದಿದ್ದರೂ ಅವನ ಪಾಲಿನ ಅನ್ನ, ಚಾಪೆ, ಬೆಂಚು ಒಂದು ಕೂದಲಷ್ಟೂ ಕಡಿಮೆ ಆಗುತ್ತಿರಲಿಲ್ಲ.

ಈಗ ಕಾಲೇಜಿನಲ್ಲಿರುವ, ಹುಟ್ಟಿನಿಂದ ಸೋಂಕಿರುವ ಹುಡುಗ ಹುಡುಗಿಯರ ಕಥೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸೇರಿದ್ದು. ಆಗ ಕರ್ನಾಟಕ ದೇಶದಲ್ಲಿ ಸೋಂಕು ಜಾಸ್ತಿ ಇದ್ದ ಆರು ರಾಜ್ಯಗಳಲ್ಲಿ ಒಂದಾಗಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಉಚಿತ ಮಾತ್ರೆ ಕೊಡಲು ಶುರುವಾಗಿದ್ದು 2004ರ ಏಪ್ರಿಲ್ 1ರಿಂದ, ಅದೂ ದೇಶದ ಕೆಲವೇ ಆಸ್ಪತ್ರೆಗಳಲ್ಲಿ. ಮಕ್ಕಳಿಗೆಂದೇ ಬೇರೆ ಕಾರ್ಯಕ್ರಮ ಬಂದಿದ್ದು 2006ರ ಕೊನೆಗೆ. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿರುವ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಇವತ್ತು ಬಸುರಿಯರಿಗೆ ತಾಲೂಕು ಆಸ್ಪತ್ರೆಯಲ್ಲೇ ಈ ಪರೀಕ್ಷೆ ಮಾಡುತ್ತಾರೆ. ನಮ್ಮ ಗೆಳೆಯನ ಅಮ್ಮನಿಗೆ ಆ ಅವಕಾಶ ಸಿಗಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡರು.

ಸಾಕಿದ್ದು ಅಜ್ಜಿ. ಆಗ ದಿನಕ್ಕೆ ಎರಡು ಸಲ, ಹನ್ನೆರಡು ತಾಸಿನ ಅಂತರದಲ್ಲಿ ಔಷಧಿ ಕೊಡಬೇಕಿತ್ತು. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಭದ್ರಾವತಿ ಆಕಾಶವಾಣಿ ಹಚ್ಚಿಟ್ಟುಕೊಂಡು, ಬೆಳಿಗ್ಗೆ ವಾರ್ತೆ ಬಂತು ಅಂದರೆ ಒಂದು, ರಾತ್ರಿ ವಾರ್ತೆ ಬಂತು ಅಂದರೆ ಇನ್ನೊಂದು. ಕರೆಂಟು ಹೋದರೂ ಮಾತ್ರೆ ತಪ್ಪಬಾರದು ಅಂತ ಸೆಲ್ ಹಾಕುವ ರೇಡಿಯೊ ತಂದಿದ್ದರಂತೆ. ಎಂಥದ್ದು ಈ ಮಾತ್ರೆ ಎಂದು ಅವನು ಕೇಳಿದರೆ 'ರಕ್ತ ಚೊಕ್ಕಾಗೋದಕ್ಕೆ' ಅನ್ನುತ್ತಿದ್ದರು. ಸಂಬಂಧಿಕರ ಮನೆಯೊಂದರಲ್ಲಿ ಅವನಿಗೆ ಬೇರೆ ತಟ್ಟೆ, ಬೇರೆ ಲೋಟ ಇತ್ತು. ಆ ತಟ್ಟೆ ದನದ ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಅದು ಯಾಕೆ ಎಂದು ಅರ್ಥವಾದದ್ದು ಹೈಸ್ಕೂಲಿಗೆ ಬಂದ ಮೇಲೆ. ವಿಜ್ಞಾನ ಪುಸ್ತಕದಲ್ಲಿ ಆ ಪಾಠ ಬಂದಾಗ ತಾನು ತಗೊಳ್ಳುವ ಮಾತ್ರೆಯ ವಿಷಯ ತಾನೇ ಕೂಡಿಸಿ ನೋಡಿಕೊಂಡ. ಕ್ಲಾಸಿನಲ್ಲಿ ಹುಡುಗರೆಲ್ಲ ಮುಸಿಮುಸಿ ನಗುತ್ತಿದ್ದರಂತೆ, ಇವನೂ ನಕ್ಕನಂತೆ. ನಗದಿದ್ದರೆ ಗೊತ್ತಾಗಿಬಿಡುತ್ತೆ ಅಂತ.

ಇನ್ನು ಒಟ್ಟಿಗೆ ಇರುವ ವಿಷಯ. ನಮ್ಮ ಮನೆಯಲ್ಲಿ ಎಲ್ಲರ ಟವೆಲು ಎಲ್ಲರದ್ದೂ ಆಗಿತ್ತು. ಒಂದೇ ತಟ್ಟೆಯಲ್ಲಿ ಚಿತ್ರಾನ್ನ ಬಗೆದು ತಿಂದಿದ್ದೇವೆ, ಒಬ್ಬರು ಕಚ್ಚಿದ ಮಾವಿನಕಾಯಿ ಇನ್ನೊಬ್ಬರು ಕಚ್ಚಿದ್ದೇವೆ. ಎಂಜಲು, ಬೆವರು, ಕಣ್ಣೀರು, ಕೆಮ್ಮು, ಸೊಳ್ಳೆ, ಕಕ್ಕಸು, ಕೆರೆ ನೀರು, ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಅಪ್ಪಿಕೊಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಹರಡುವುದಿಲ್ಲ. ಸೋಂಕಿರುವ ರಕ್ತ ನಮ್ಮ ರಕ್ತಕ್ಕೆ ಸೇರಬೇಕು, ಅಥವಾ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ ಆಗಬೇಕು, ಇಲ್ಲವೇ ತಾಯಿಯಿಂದ ಮಗುವಿಗೆ ಬರಬೇಕು. ಅಷ್ಟೇ ದಾರಿ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಶ್ ಮಾತ್ರ ಯಾರದ್ದು ಅವರಿಗೇ. ಆ ರೂಢಿ ಯಾರಿಗೆ ಏನಿರಲಿ, ಇಲ್ಲದಿರಲಿ, ಎಲ್ಲ ಮನೆಯಲ್ಲೂ ಇರಬೇಕಾದದ್ದು, ಕಾಮಾಲೆಯ ಒಂದು ಬಗೆಯೂ ಹಾಗೆ ದಾಟುತ್ತದೆ.

ಆಟದಲ್ಲಿ ಗಾಯ ಆದರೆ? ಊರಿನ ಅಪ್ಪ ಅಮ್ಮಂದಿರು ಹೆಚ್ಚು ಹೆದರುವುದು ಇದಕ್ಕೇ. ಕಬಡ್ಡಿಯಲ್ಲಿ ಮೊಣಕಾಲು ತರಚಿದ್ದು, ಕ್ರಿಕೆಟ್ಟಿನಲ್ಲಿ ತುಟಿ ಒಡೆದದ್ದು ನಮ್ಮ ಮನೆಯಲ್ಲಿ ಎಷ್ಟು ಸಲವೋ. ಸೀಳಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ಏನೂ ಆಗುವುದಿಲ್ಲ, ಸೋಪು ನೀರಿನಲ್ಲಿ ತೊಳೆದರೆ ಮುಗಿಯಿತು. ಯಾರ ಗಾಯಕ್ಕೇ ಆಗಲಿ ಕೈಗವಸು ಹಾಕಿಕೊಂಡು, ಅದಿಲ್ಲದಿದ್ದರೆ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಪಟ್ಟಿ ಕಟ್ಟುವುದು, ನೆಲಕ್ಕೆ ಬಿದ್ದ ರಕ್ತವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸುವುದು ಸರಿಯಾದ ಕ್ರಮ. 'ಯಾರ ಗಾಯಕ್ಕೇ ಆಗಲಿ' ಅನ್ನುವುದನ್ನು ಇನ್ನೊಮ್ಮೆ ಓದಿಕೊಳ್ಳಿ. ಒಬ್ಬನಿಗೆ ಮಾತ್ರ ಕೈಗವಸು ಹಾಕಿದರೆ ಮೈದಾನದಲ್ಲಿದ್ದವರಿಗೆಲ್ಲ ಡಂಗುರ ಸಾರಿದಂತೆ. ಎಷ್ಟೋ ಜನರಿಗೆ ತಮಗೆ ಸೋಂಕಿದೆ ಅಂತಲೇ ಗೊತ್ತಿರುವುದಿಲ್ಲವಲ್ಲ. ಸೂಜಿ ಚುಚ್ಚಿಕೊಂಡಂಥ ನಿಜವಾದ ಅಪಾಯ ಯಾವತ್ತಾದರೂ ಆದರೆ, 72 ಗಂಟೆಯ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಸರ್ಕಾರಿ ಆಸ್ಪತ್ರೆಗೆ ಹೋದರೆ 28 ದಿನ ತಗೊಳ್ಳುವ ತಡೆ ಮಾತ್ರೆ ಇದೆ.

ಅವನಿಂದ ನಮಗೆ ಏನು ಬರುತ್ತೆ ಎಂದು ಲೋಕ ಕೇಳುತ್ತದೆ. ಆದರೆ ಮನೆಯಲ್ಲಿ ನಿಜವಾಗಿ ನಾವು ನೋಡಿಕೊಳ್ಳಬೇಕಿದ್ದದ್ದು ನಮ್ಮಿಂದ ಅವನಿಗೆ ಏನು ಹೋಗುತ್ತೆ ಅನ್ನುವುದನ್ನು. ರೋಗ ತಡೆಯುವ ಶಕ್ತಿ ಕುಗ್ಗಿದ್ದಾಗ ಕ್ಷಯದಂಥ ಕಾಯಿಲೆ ಇಂಥವರಿಗೆ ಬೇಗ ಅಂಟಿಕೊಳ್ಳುತ್ತದೆ. ನಮ್ಮಲ್ಲೊಬ್ಬನಿಗೆ ಎರಡು ವಾರ ದಾಟಿದರೂ ಕೆಮ್ಮು ಹೋಗದಿದ್ದಾಗ ಕಫ ಪರೀಕ್ಷೆ ಮಾಡಿಸಿಕೊಂಡು ಬಂದ. ಏನೂ ಇರಲಿಲ್ಲ. ಬರೀ ಮಾಗಿಯ ಚಳಿ.

ಮಾತ್ರೆಯ ಡಬ್ಬಿಯ ಬಗ್ಗೆ ಹೇಳಬೇಕು. ಈಗ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಸೇರಿಸಿದ್ದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಅಲ್ಲಾಡಿಸಿದರೆ ಗಲಗಲ ಸದ್ದು. ಅವನು ಅದನ್ನು ಮನೆಗೆ ತಂದ ದಿನವೇ ಮೇಲಿನ ಚೀಟಿ ಕಿತ್ತು, ಸದ್ದಾಗದಂತೆ ಹತ್ತಿ ತುರುಕುತ್ತಿದ್ದ. ಬ್ಯಾಗಿನ ತಳದಲ್ಲಿ, ಬಟ್ಟೆ ಮಧ್ಯೆ ಇಡುತ್ತಿದ್ದ. ನಮಗೆ ಗೊತ್ತಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮೂರನೇ ವರ್ಷದ ನಡುವಿನಲ್ಲಿ ಒಂದು ದಿನ ನೋಡುತ್ತೇವೆ, ಡಬ್ಬಿ ಕಿಟಕಿಯ ಮೇಲೆ, ನಮ್ಮ ತಲೆಗೆ ಹಚ್ಚುವ ಎಣ್ಣೆ ಬಾಟ್ಲಿಯ ಪಕ್ಕದಲ್ಲಿತ್ತು. ಯಾರೂ ಏನೂ ಅನ್ನಲಿಲ್ಲ.

ಮಾತ್ರೆ ತರುವುದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಿಂದ. ಅಲ್ಲಿ ಬೆಳಿಗ್ಗೆ ಹೋದರೆ ಮಧ್ಯಾಹ್ನ ಆಗುತ್ತಿತ್ತು, ಅವತ್ತಿನ ಕ್ಲಾಸು ಹೋಯಿತು. 'ಎಲ್ಲಿ ಹೋಗಿದ್ದೆ' ಎಂದು ಕೇಳಿದವರಿಗೆ ಒಂದೊಂದು ತಿಂಗಳು ಒಂದೊಂದು ಸುಳ್ಳು. ಕೇಂದ್ರದ ಸಾಲಿನಲ್ಲಿ ಊರಿನವರು ಕಂಡರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ ಎಂಬಂತೆ ಇರುತ್ತಾರೆ ಎಂದು ಅವನು ನಗುತ್ತಾ ಹೇಳಿದ್ದ. ನಾವು ಮಾಡುತ್ತಿದ್ದ ಉಪಕಾರ ಇಷ್ಟೇ: ಅವತ್ತಿನ ನೋಟ್ಸು ಬರೆದಿಟ್ಟುಕೊಳ್ಳುವುದು, ಯಾರಾದರೂ ಕೇಳಿದರೆ 'ಬ್ಯಾಂಕಿಗೆ ಹೋಗಿದಾನೆ' ಅನ್ನುವುದು. ಜೊತೆಗೆ ಬರುತ್ತೇವೆ ಅಂದರೆ ಬೇಡ ಅಂದ. ಬಿಟ್ಟೆವು. 'ಮಾತ್ರೆ ತಗೊಂಡ್ಯಾ' ಎಂದು ದಿನಾ ಕೇಳುವುದೂ ಅವನಿಗೆ ಸೇರುತ್ತಿರಲಿಲ್ಲ. 'ನಾನು ಇಷ್ಟು ವರ್ಷದಿಂದ ತಗೊಳ್ತಿದೀನಿ, ನೀವು ಎಲ್‌ಕೆಜಿ ಮಿಸ್ಸು ಥರ ಮಾಡಬೇಡಿ' ಅಂದ. ಅದೂ ಸರಿ.

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಕಾಲೇಜುಗಳಿಂದ ಜಾಥಾ ಹೊರಡುತ್ತದೆ. ನಮ್ಮದೂ ಹೊರಟಿತು. ಎಲ್ಲರ ಕೈಗೂ ಒಂದೊಂದು ಬೋರ್ಡು ಕೊಟ್ಟರು. ಅವನ ಕೈಗೆ ಬಂದ ಬೋರ್ಡಿನಲ್ಲಿ ಬರೆದಿದ್ದದ್ದು: 'ಏಡ್ಸ್ ಬಂದರೆ ಸಾವೇ ಗತಿ'. ಅದನ್ನು ಎತ್ತಿ ಹಿಡಿದು ಅವನು ಗೋಪಿ ಸರ್ಕಲ್‌ವರೆಗೂ ನಡೆದ. ಘೋಷಣೆಗೆ ದನಿಯನ್ನೂ ಸೇರಿಸಿದ. ಆಗ ವಿಷಯ ಗೊತ್ತಿದ್ದದ್ದು ನಮ್ಮಲ್ಲಿ ಇಬ್ಬರಿಗೆ ಮಾತ್ರ. ಒಬ್ಬ 'ನನ್ನದು ತಗೋ' ಎಂದು ಬೋರ್ಡು ಬದಲಿಸಲು ಹೋದ, ಅವನದ್ದರಲ್ಲಿ 'ನೈತಿಕತೆಯೇ ಮದ್ದು' ಅಂತ ಇತ್ತು. 'ಇದೇ ವಾಸಿ ಮಾರಾಯ' ಅಂದ ನಮ್ಮ ಗೆಳೆಯ.

ಆ ಎರಡೂ ಬೋರ್ಡು ಸುಳ್ಳು ಹೇಳುತ್ತಿದ್ದವು. ಎಚ್‌ಐವಿ ಅಂದರೆ ವೈರಸ್, ಏಡ್ಸ್ ಅಂದರೆ ಚಿಕಿತ್ಸೆ ಇಲ್ಲದೆ ಅದು ದೇಹವನ್ನು ತೀರಾ ಕುಗ್ಗಿಸಿದಾಗ ಬರುವ ಹಂತ. 2017ರಿಂದ ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ಸೋಂಕು ಗೊತ್ತಾದವರಿಗೆಲ್ಲ ಕಾಯದೆ ಮಾತ್ರೆ ಶುರು ಮಾಡುತ್ತಾರೆ. ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗುತ್ತದೆ. ಹಾಗೆ ಆಗಿ, ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಇನ್ನೊಬ್ಬರಿಗೆ ದಾಟುವುದಿಲ್ಲ ಎನ್ನುವುದು ಇವತ್ತಿನ ವೈದ್ಯಲೋಕ ಒಪ್ಪಿದ ಮಾತು. ವಾಸಿಯಾಗುವುದಿಲ್ಲ, ಆದರೆ ಎಲ್ಲರಂತೆ ಆಯಸ್ಸು ಇರುತ್ತದೆ. ಇದನ್ನು ಒಂದು ಬೋರ್ಡಿನಲ್ಲೂ ಬರೆದಿರಲಿಲ್ಲ. ಮುಂದಿನ ವರ್ಷ ನಾವು ಪತ್ರಿಕೋದ್ಯಮದವರು ಘೋಷಣೆ ಬರೆದುಕೊಡುತ್ತೇವೆ ಎಂದು ಮುಂದೆ ಬಿದ್ದು ಕೇಳಿದೆವು. ಕೊಟ್ಟರು. 'ಮಾತ್ರೆ ಇದೆ, ಬದುಕೂ ಇದೆ', 'ಪರೀಕ್ಷೆ ಉಚಿತ, ಗುಟ್ಟು ಖಚಿತ' ಅಂತೆಲ್ಲ ಬರೆದೆವು. ಪ್ರಾಸ ಸ್ವಲ್ಪ ಜಾಸ್ತಿ ಆಯಿತು. ಯಾಕೆ ಈ ಉತ್ಸಾಹ ಎಂದು ಯಾರೂ ಕೇಳಲಿಲ್ಲ, ಅದೇ ಪುಣ್ಯ.

ಭದ್ರಾವತಿಯಲ್ಲಿ ನಾವು ಊಟ ಮಾಡುತ್ತಿದ್ದ ಮೆಸ್‌ಗೆ ಒಂದು ದಿನ ಅವನ ದೂರದ ಸಂಬಂಧಿಯೊಬ್ಬರು ಬಂದರು. ಅವನನ್ನು ನೋಡಿದರು, ಮಾತಾಡಿಸಲಿಲ್ಲ. ಎರಡು ದಿನದ ಮೇಲೆ ಮೆಸ್‌ನವರು ನಮ್ಮಲ್ಲೊಬ್ಬನನ್ನು ಪಕ್ಕಕ್ಕೆ ಕರೆದು, 'ನೀವೆಲ್ಲ ಬನ್ನಿ, ತೊಂದ್ರೆ ಇಲ್ಲ. ಅವ್ರಿಗೆ ಕ್ಯಾರಿಯರ್‌ನಲ್ಲಿ ಕಳಿಸ್ತೀನಿ' ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. 'ನಾಲ್ಕು ಜನ ಬರೋ ಜಾಗ' ಅಂದರು. ನಮ್ಮ ಹುಡುಗ ತಟ್ಟೆ, ಸೊಳ್ಳೆ, ಎಂಜಲು ಎಲ್ಲ ವಿವರಿಸಿದ. ಅವರು ತಲೆ ಅಲ್ಲಾಡಿಸಿ ಕೇಳಿದರು, ಆಮೇಲೆ ಮತ್ತೆ ಅದೇ ಮಾತು ಹೇಳಿದರು.

ನಮಗೆ ರಕ್ತ ಕುದಿಯಿತು. ಎಲ್ಲರೂ ಒಟ್ಟಿಗೆ ಹೋಗಿ ಜಗಳ ಮಾಡಿ ದುಡ್ಡು ವಾಪಸ್ ಕೇಳಬೇಕು ಅಂತ ಒಬ್ಬ, ವರದಿ ಮಾಡಬೇಕು ಅಂತ ಇನ್ನೊಬ್ಬ. ಮೊದಲು ಅವನನ್ನು ಕೇಳೋಣ ಎಂದು ಕೇಳಿದೆವು. ಅವನು ಸುಮಾರು ಹೊತ್ತು ಸುಮ್ಮನಿದ್ದು, 'ನೀವೆಲ್ಲ ಒಂದೇ ದಿನ ಗಲಾಟೆ ಮಾಡಿ ಬಿಟ್ರೆ ಇಡೀ ಬೀದಿಗೆ ಗೊತ್ತಾಗುತ್ತೆ. ಮನೆ ಓನರ್‌ಗೂ ಗೊತ್ತಾಗುತ್ತೆ' ಅಂದ. ಹಾಗಾಗಿ ಒಬ್ಬೊಬ್ಬರಾಗಿ ಬಿಟ್ಟೆವು. ಒಬ್ಬ ಸಾಂಬಾರಿಗೆ ಖಾರ ಜಾಸ್ತಿ ಅಂದ, ಒಬ್ಬ ದುಡ್ಡಿಲ್ಲ ಅಂದ, ಒಬ್ಬ ಊರಿಂದ ಅಕ್ಕಿ ಬಂತು ಅಂದ. ತಿಂಗಳು ಮುಗಿಯುವ ಹೊತ್ತಿಗೆ ಎಲ್ಲರೂ ಮನೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದೆವು. ನ್ಯಾಯವಾ ಅದು? ಅಲ್ಲ. ಮೆಸ್‌ನವರು ಇವತ್ತಿಗೂ ತಾವು ಸರಿ ಅಂದುಕೊಂಡಿರಬಹುದು. ಆದರೆ ಜಗಳ ನಮ್ಮದಾಗಿದ್ದರೂ ಅದರ ಬೆಲೆ ತೆರಬೇಕಿದ್ದವನು ಅವನು. ಅದಕ್ಕೇ ತೀರ್ಮಾನವೂ ಅವನದ್ದೇ ಆಯಿತು.

ಕಾನೂನು ಅವನ ಕಡೆ ಇದೆ ಅನ್ನುವುದನ್ನು ನಾವು ಆಮೇಲೆ ಓದಿಕೊಂಡೆವು. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. ಸೋಂಕಿದೆ ಎಂದು ಶಾಲೆ ಕಾಲೇಜಿಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಬಾಡಿಗೆ ಮನೆ ಬಿಡಿಸುವುದು, ಕೆಲಸದಿಂದ ತೆಗೆಯುವುದು ಎಲ್ಲ ಇದರ ಪ್ರಕಾರ ತಪ್ಪು. ಸೇರಿಸಿಕೊಳ್ಳುವ ಮುಂಚೆ ರಕ್ತಪರೀಕ್ಷೆ ಮಾಡಿಸಿಕೊಂಡು ಬಾ ಅನ್ನುವಂತಿಲ್ಲ. ಕೋರ್ಟು ಆದೇಶ ಮಾಡಿದರೆ ಬಿಟ್ಟು, ನಿನಗೆ ಸೋಂಕಿದೆಯಾ ಹೇಳು ಎಂದು ಯಾರೂ ಬಲವಂತ ಮಾಡುವಂತಿಲ್ಲ. ಸೋಂಕಿರುವವರ ಮೇಲೆ ದ್ವೇಷ ಹುಟ್ಟುವ ಹಾಗೆ ಬರೆದರೆ, ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ವಾಟ್ಸಾಪ್ ಗುಂಪಿನಲ್ಲಿ 'ಹುಷಾರ್, ಇಂಥವನಿಗೆ ಆ ಕಾಯಿಲೆ ಇದೆ' ಎಂದು ಫೋಟೊ ಹಾಕುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು. ನೂರು ಜನಕ್ಕಿಂತ ಕಡಿಮೆ ಇಲ್ಲದ ಪ್ರತಿ ಸಂಸ್ಥೆಯಲ್ಲೂ ಇಂಥ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ನಿಮ್ಮ ಕಾಲೇಜಿನಲ್ಲಿ ಯಾರು ಎಂದು ಒಮ್ಮೆ ವಿಚಾರಿಸಿ ನೋಡಿ.

ಸೋಂಕಿರುವ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟ ಎರಡು ಪ್ರಕರಣಗಳನ್ನು ನಾವು ಓದುವಾಗ ತುಂಬಾ ಚರ್ಚಿಸಿದ್ದೆವು. ಒಂದು ಕೇರಳದ ಕೊಲ್ಲಂ ಜಿಲ್ಲೆಯದು. ಅಲ್ಲಿ ಅಕ್ಕ ತಮ್ಮ ಇಬ್ಬರು ಮಕ್ಕಳು ಶಾಲೆಗೆ ಬರುವುದು ಬೇಡ ಎಂದು ಬೇರೆ ಮಕ್ಕಳ ಪೋಷಕರು ಹಟ ಹಿಡಿದಿದ್ದರು. 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಎಲ್ಲರೆದುರಿಗೆ ಅಪ್ಪಿಕೊಂಡರು. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ದೇಶಕ್ಕೆಲ್ಲ ತೋರಿದ್ದು ದೊಡ್ಡದೇ. ಆದರೆ ಆ ಮಕ್ಕಳ ಹೆಸರು, ಮುಖ ದೇಶಕ್ಕೆಲ್ಲ ಗೊತ್ತಾಯಿತು. ಇನ್ನೊಂದು ಅಮೆರಿಕದ ರಯಾನ್ ವೈಟ್ ಎಂಬ ಹುಡುಗನದು. ಹಿಮೋಫಿಲಿಯಾ ಎಂಬ ರಕ್ತದ ಕಾಯಿಲೆಗೆ ಕೊಟ್ಟ ಔಷಧಿಯಿಂದ ಅವನಿಗೆ ಸೋಂಕು ಬಂದಿತ್ತು. 1985ರಲ್ಲಿ ಕೊಕೊಮೊ ಊರಿನ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. ಆಮೇಲೆ ಅವನ ಮನೆಯವರು ಸಿಸೆರೊ ಎಂಬ ಇನ್ನೊಂದು ಊರಿಗೆ ಹೋದರು. ಅಲ್ಲಿನ ಶಾಲೆಯಲ್ಲಿ ಅವನು ಬರುವ ಮುಂಚೆಯೇ ವಿದ್ಯಾರ್ಥಿಗಳು ಕಾಯಿಲೆಯ ಬಗ್ಗೆ ತಿಳಿದುಕೊಂಡಿದ್ದರು. ಅವನನ್ನು ಕೈಕುಲುಕಿ ಬರಮಾಡಿಕೊಂಡರು. ಅವನು 1990ರಲ್ಲಿ, 18ನೇ ವಯಸ್ಸಿನಲ್ಲಿ ತೀರಿಕೊಂಡ. ಇವತ್ತಿನ ಮಾತ್ರೆಗಳು ಆಗ ಇರಲಿಲ್ಲ.

ಸಿಸೆರೊದ ಮಕ್ಕಳ ದಾರಿಯೇ ನಮಗೆ ಹಿಡಿಸಿದ್ದು. ಯಾರಿಗೆ ಸೋಂಕಿದೆ ಎಂದು ಗೊತ್ತಾದ ಮೇಲೆ ಪಾಠ ಮಾಡುವುದಲ್ಲ, ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಆಗ ತರಗತಿಯಲ್ಲಿ ಸೋಂಕಿರುವ ಮಗು ಇದ್ದರೂ ಅದು ಯಾರು ಎಂದು ತಿಳಿಯುವ ಅವಶ್ಯಕತೆಯೇ ಬರುವುದಿಲ್ಲ. ಈ ಬರಹ ಓದುವ ಮೇಷ್ಟ್ರು, ಮೇಡಂಗಳಲ್ಲಿ ನಮ್ಮ ಕೋರಿಕೆ ಇದೇ. ಪೋಷಕರು ನಂಬಿ ನಿಮಗೆ ಹೇಳಿದ್ದರೆ ಅದನ್ನು ಸ್ಟಾಫ್ ರೂಮಿಗೆ ತರಬೇಡಿ. ಮಗುವನ್ನು ಮುಂದಿನ ಬೆಂಚಿಗೂ ಹಾಕಬೇಡಿ, ಹಿಂದಿನ ಬೆಂಚಿಗೂ ಹಾಕಬೇಡಿ.

ಹುಡುಗಿಯರ ವಿಷಯ ಇದಕ್ಕಿಂತ ಕಷ್ಟ. ನಮ್ಮ ಗೆಳೆಯ 'ಬ್ಯಾಂಕಿಗೆ ಹೋಗಿದ್ದೆ' ಅಂದರೆ ಮುಗಿಯಿತು. ಹಾಸ್ಟೆಲಿನ ಹುಡುಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬಂದರೆ ವಾರ್ಡನ್‌ನಿಂದ ಹಿಡಿದು ಗೇಟಿನವರೆಗೆ ಎಲ್ಲರಿಗೂ ಕಾರಣ ಹೇಳಬೇಕು, ಹೇಳದಿದ್ದರೆ ಜನ ತಾವೇ ಒಂದು ಕಾರಣ ಕಟ್ಟುತ್ತಾರೆ. ಅದು ಏನಿರುತ್ತೆ ಅಂತ ನಾವು ಬರೆಯಬೇಕಾಗಿಲ್ಲ.

ಗೆಳೆಯ ಈಗ ಕೆಲಸದಲ್ಲಿದ್ದಾನೆ. ಎರಡು ವರ್ಷದಿಂದ ಅವನ ಪರೀಕ್ಷೆಯಲ್ಲಿ ವೈರಸ್ ಸಿಕ್ಕಿಲ್ಲ. ಅಜ್ಜಿ ಇದ್ದಾರೆ, ರೇಡಿಯೊ ಇಲ್ಲ. ಮದುವೆ ಮಾತು ಬಂದಾಗ, ಹುಡುಗಿಗೆ ಹೇಳದೆ ಆಗುವುದಿಲ್ಲ ಎಂದು ಅವನೇ ಅಂದಿದ್ದಾನೆ. ಅದು ಅವನ ಬಾಯಿಂದ ಬರಬೇಕಾದ ಮಾತು. ಯಾರಾದರೂ ನಮ್ಮನ್ನು ವಿಚಾರಿಸಲು ಬಂದರೆ 'ಅವನನ್ನೇ ಕೇಳಿ' ಅಂತಷ್ಟೇ ಹೇಳುವುದು ಎಂದು ಒಪ್ಪಂದವಾಗಿದೆ.

ಈ ಬರಹದಲ್ಲಿ ಅವನು ಎರಡು ಕಡೆ 'ಪಾಪ' ಅನ್ನುವ ಪದ ಹೊಡೆದುಹಾಕಿಸಿದ. ಒಂದು ಸೇರಿಸಲು ಹೇಳಿದ: 1097 ಎಂಬ ನಂಬರಿಗೆ ಫೋನ್ ಮಾಡಿದರೆ ದುಡ್ಡು ಖರ್ಚಾಗುವುದಿಲ್ಲ, ಎಚ್‌ಐವಿಯ ಬಗ್ಗೆ ಏನು ಬೇಕಾದರೂ ಕೇಳಬಹುದು.